ಅಜ್ಜಂಪುರದಲ್ಲಿ ಕೂರಲು ಕಲಿತದ್ದು

ಅಜ್ಜಂಪುರದಲ್ಲಿ ನನ್ನನ್ನು ಮೊದಲು ಎದುರುಗೊಂಡದ್ದು ಕೊಂಬುಗಳು. ರೈಲಿನಿಂದ ಇಳಿದು, ಹೊಲಿಗೆ ಮೆಷಿನ್ನನ್ನು ಎತ್ತಿನ ಗಾಡಿಗೆ ಹೇರಿಸಿ, ಅದರ ಹಿಂದೆ ನಡೆದು ಬರುತ್ತಿದ್ದೆ. ರಸ್ತೆಯ ತಿರುವಿನಲ್ಲಿ ಧೂಳೆದ್ದಿತು. ಧೂಳಿನೊಳಗಿಂದ ಬೂದು ಬಣ್ಣದ ದನಗಳ ಒಂದು ದೊಡ್ಡ ಹಿಂಡು ಹೊರಬಂದು, ನನ್ನನ್ನು ಕಂಡದ್ದೇ ಗಕ್ಕನೆ ನಿಂತುಬಿಟ್ಟಿತು. ಒಂದೊಂದರ ತಲೆಯ ಮೇಲೂ ಹಿಂದಕ್ಕೆ ಬಾಗಿದ ಚೂಪು ಕೊಂಬು. ನಾನು ತೊಟ್ಟಿದ್ದು ನಾನೇ ಕತ್ತರಿಸಿ ಹೊಲಿದ ಕಿತ್ತಳೆ ಬಣ್ಣದ ಬೆಲ್‌ಬಾಟಮ್, ಮೇಲೊಂದು ದೊಡ್ಡ ಹೂವಿನ ಕುರ್ತಾ. ಚರ್ಚ್‌ಗೇಟಿನಲ್ಲಿ ಆ ಬಟ್ಟೆಯನ್ನು ಹೆಂಗಸರು ತಿರುತಿರುಗಿ ನೋಡಿದ್ದರು. ಇಲ್ಲಿ ದನಗಳು ನೋಡುತ್ತಿದ್ದವು, ಆದರೆ ಮೆಚ್ಚಿ ನೋಡುತ್ತಿರಲಿಲ್ಲ. ಹಿಂಡಿನ ಹಿಂದಿದ್ದ ಮುದುಕ ಕೋಲೆತ್ತಿ, "ಅವ್ವಾ, ಗಾಡಿ ಮರೆಗೆ ಬನ್ನಿ. ನಿಮ್ ಬಟ್ಟೆ ಕಂಡು ದನ ಬೆದರ್ತಾವೆ" ಎಂದ. ಮುಂಬಯಿಯ ಫ್ಯಾಷನ್ನಿಗೆ ಈ ಸೀಮೆಯಲ್ಲಿ ಸಿಕ್ಕ ಮೊದಲ ವಿಮರ್ಶೆ ಅದು.

ಎಪ್ಪತ್ತಾರನೇ ಇಸವಿಯ ಮಾತು ಇದು. ನನ್ನ ಗಂಡ ರಮೇಶ್ ಪಶುವೈದ್ಯರು. ಅವರಿಗೆ ಅಮೃತಮಹಲ್ ದನಗಳ ಕಾವಲಿಗೆ ವರ್ಗವಾಗಿತ್ತು. ಮುಂಬಯಿಯ ಓದುಗರಿಗೆ ಹೇಳಬೇಕು: ಇಲ್ಲಿ ಕಾವಲೆಂದರೆ ರಾಜರ ಕಾಲದಿಂದ ದನಗಳಿಗೆಂದೇ ಬಿಟ್ಟ ಹುಲ್ಲುಗಾವಲು. ಎಮ್ಮೆದೊಡ್ಡಿಯ ಕಡೆಯಲ್ಲಿ ಅದು ಕಣ್ಣು ಹರಿಯುವಷ್ಟು ದೂರ ಚಾಚಿಕೊಂಡಿದೆ. ಮಾಟುಂಗಾದ ನಮ್ಮ ಮನೆಯಲ್ಲಿ ಎದುರುಮನೆಯ ಗೋಡೆಯಾಚೆ ಕಣ್ಣು ಹರಿಸಿ ಗೊತ್ತಿಲ್ಲದವಳು ನಾನು. ಅಷ್ಟೊಂದು ಬಯಲನ್ನು ನೋಡಿ ನನಗೆ ಸಂತೋಷವಾಗಲಿಲ್ಲ, ಹೆದರಿಕೆಯಾಯಿತು. ಮೂರೇ ವರ್ಷ, ಆಮೇಲೆ ವರ್ಗ ಮಾಡಿಸಿಕೊಂಡು ಹೊರಡೋಣ ಎಂದು ರಮೇಶ್ ಮಾತು ಕೊಟ್ಟಿದ್ದರು. ಆ ಮಾತನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಬಂದಿದ್ದೆ.

ನಾವು ಬಾಡಿಗೆಗೆ ಹಿಡಿದದ್ದು ಗೌರಮ್ಮ ಎನ್ನುವವರ ಮನೆಯ ಒಂದು ಭಾಗ. ಅರುವತ್ತರ ಹತ್ತಿರದ ಹೆಂಗಸು, ಕೊಬ್ಬರಿ ವ್ಯಾಪಾರಿಯ ವಿಧವೆ. ವ್ಯಾಪಾರವನ್ನು ಮಗ ನೋಡಿಕೊಳ್ಳುತ್ತಿದ್ದ, ಮನೆಯನ್ನು ಸೊಸೆ ಶಿವಲೀಲಾ. ಇಬ್ಬರನ್ನೂ ಗೌರಮ್ಮ ನೋಡಿಕೊಳ್ಳುತ್ತಿದ್ದರು. ಮೊದಲ ದಿನ ಮಜ್ಜಿಗೆ ಕೊಟ್ಟು, ನಿಮ್ಮದು ಯಾವ ಮಠ ಎಂದು ಕೇಳಿದರು. ನಮ್ಮಲ್ಲಿ ಹೊಸಬರನ್ನು ಲೋಕಲ್ ರೈಲಿನ ವೆಸ್ಟರ್ನ್ ಲೈನೋ ಸೆಂಟ್ರಲ್ಲೋ ಎಂದು ಕೇಳುತ್ತೇವಲ್ಲ, ಹಾಗೆ ಇಲ್ಲಿ ಮಠ. ಒಂದು ಉತ್ತರದಲ್ಲಿ ಮನುಷ್ಯನ ಪೂರ್ತಿ ವಿಳಾಸ ಸಿಗುತ್ತದೆ. ನನ್ನ ಅಪ್ಪ ದಕ್ಷಿಣ ಕನ್ನಡದಿಂದ ಮುಂಬಯಿಗೆ ಗುಮಾಸ್ತಿಕೆಗೆ ಹೋದವರು, ನಾನು ಮುಂಬಯಿಯಲ್ಲೇ ಹುಟ್ಟಿ ಬೆಳೆದವಳು, ನಮಗೆ ಇಂಥದ್ದೇ ಮಠ ಎಂದಿಲ್ಲ ಎಂದು ವಿವರಿಸಿದೆ. ಅವರು ಅನುಕಂಪದಿಂದ ಇನ್ನೊಂದು ಲೋಟ ಮಜ್ಜಿಗೆ ಕೊಟ್ಟರು. ಏನು ಕೆಲಸ ಮಾಡುತ್ತಿದ್ದೆ ಎಂದರು. ಪರದೇಶಕ್ಕೆ ಹೋಗುವ ಉಡುಪುಗಳನ್ನು ಡಿಸೈನ್ ಮಾಡುತ್ತಿದ್ದೆ, ಅದನ್ನು ಫ್ಯಾಷನ್ ಡಿಸೈನರ್ ಎನ್ನುತ್ತಾರೆ ಎಂದೆ. ಅವರು ಸ್ವಲ್ಪ ಯೋಚಿಸಿ, "ದರ್ಜಿ ಕೆಲ್ಸ ಅನ್ನು" ಎಂದರು. ಎರಡು ದಿನ ಅವರ ಮೇಲೆ ನನಗೆ ಕೋಪವಿತ್ತು.

ಊರು ನನಗೊಂದು ಹೆಸರಿಟ್ಟಿತು, ಬೊಂಬಾಯಮ್ಮ. ರಾಗಿಮುದ್ದೆಯನ್ನು ಅಗಿಯದೆ ನುಂಗುವುದನ್ನು ಶಿವಲೀಲಾ ಕಲಿಸಿದಳು. ಮೊದಲ ವಾರ ಅಗಿದು ಅಗಿದು ದವಡೆ ನೋಯಿಸಿಕೊಂಡೆ. ಹಸಿ ಬೊಂಬಿಲ್ ಮೀನಿನ ನೆನಪಾದರೆ ಯಾರಿಗೂ ಹೇಳುವಂತಿರಲಿಲ್ಲ, ಆ ಮನೆಯಲ್ಲಿ ಮೊಟ್ಟೆಯ ಮಾತೂ ಇಲ್ಲ. ಬೆಳಗ್ಗೆ ಹೇಗೋ ಕಳೆಯುತ್ತಿತ್ತು. ಮಧ್ಯಾಹ್ನ ಎರಡರಿಂದ ಐದರವರೆಗಿನ ಹೊತ್ತು ಕಳೆಯುತ್ತಲೇ ಇರಲಿಲ್ಲ. ಆ ಹೊತ್ತಿಗೆ ಮುಂಬಯಿಯ ನಮ್ಮ ಕಂಪನಿಯ ಕಟಿಂಗ್ ಹಾಲಿನಲ್ಲಿ ಹದಿನಾಲ್ಕು ಮೆಷಿನ್ನುಗಳು ಓಡುತ್ತಿರುತ್ತವೆ, ಚಹಾದವನು ಗ್ಲಾಸು ಕುಕ್ಕುತ್ತಾ ಬರುತ್ತಾನೆ, ಗಿರಣಿಯ ಭೋಂಗಾ, ಅಂದರೆ ಪಾಳಿ ಬದಲಿಸುವ ಕೂಗು, ಕೇಳುತ್ತದೆ ಎಂದು ನೆನೆಸಿಕೊಂಡು ಅಳುತ್ತಿದ್ದೆ. ಯಾರೂ ಉಡದ ಉಡುಪುಗಳನ್ನು ಕಾಗದದ ಮೇಲೆ ಬರೆಯುತ್ತಿದ್ದೆ. ಯಗಟಿ ಬಸ್ಸಿನಲ್ಲಿ ಕುರಿಮರಿ ಎತ್ತಿಕೊಂಡು ಕೂತ ಹೆಂಗಸಿನ ಕಂಬಳಿಯ ಅಂಚು ನೋಡಿ, ಇದನ್ನು ಕೋಟಿನ ಕಾಲರಿಗೆ ಹಾಕಿದರೆ ಪ್ಯಾರಿಸ್ಸಿಗೆ ಕಳಿಸಬಹುದು ಎಂದುಕೊಳ್ಳುತ್ತಿದ್ದೆ. ಆಮೇಲೆ, ಕಳಿಸುವವಳು ಯಾರು ಎಂದು ನೆನಪಾಗುತ್ತಿತ್ತು.

ನನ್ನನ್ನು ಉಳಿಸಿದ್ದು ಯೋಗ. ಅದನ್ನು ಭಕ್ತಿಯಿಂದ ಕಲಿತವಳಲ್ಲ ನಾನು. ಕಟಿಂಗ್ ಮೇಜಿನ ಮೇಲೆ ಬಗ್ಗಿ ಬಗ್ಗಿ ಸೊಂಟ ಹಿಡಿದುಕೊಂಡಾಗ ದಾದರಿನ ಒಬ್ಬ ವೃದ್ಧೆಯ ಹತ್ತಿರ ಐದು ವರ್ಷ ಕಲಿತಿದ್ದೆ. ಗೌರಮ್ಮನ ಮನೆಯ ಅಟ್ಟದಲ್ಲಿ ಒಂದು ಕಡೆ ಕೊಬ್ಬರಿಗೆಂದು ತೆಂಗಿನಕಾಯಿ ಒಣಗುತ್ತಿದ್ದವು, ಇನ್ನೊಂದು ಕಡೆ ಹಲಗೆಯ ನೆಲ ಖಾಲಿ ಇತ್ತು. ಮಧ್ಯಾಹ್ನ ಅಲ್ಲಿಗೆ ಹೋಗಿ ಆಸನ ಹಾಕತೊಡಗಿದೆ. ಒಂದು ದಿನ ಗೌರಮ್ಮ ಕಾಯಿ ನೋಡಲು ಏಣಿ ಹತ್ತಿ ಬಂದರು. ನಾನು ಪದ್ಮಾಸನದಲ್ಲಿ ಕೂತಿದ್ದೆ. ಅವರು ಏಣಿಯ ಮೇಲೇ ನಿಂತು ಬಹಳ ಹೊತ್ತು ನನ್ನ ಮಂಡಿಗಳನ್ನು ನೋಡಿದರು.

ಸಂಜೆ ಕರೆಸಿ ಕೂರಿಸಿಕೊಂಡು ಒಂದು ವಿಷಯ ಹೇಳಿದರು. ಅವರ ಜನ ಲಿಂಗಾಯತರು. ಸತ್ತವರನ್ನು ಸುಡುವುದಿಲ್ಲ, ಮಲಗಿಸಿ ಹೂಳುವುದೂ ಇಲ್ಲ. ಚಕ್ಕಳಮಕ್ಕಳ ಹಾಕಿ ಕೂರಿಸಿ, ಎಡ ಅಂಗೈಯಲ್ಲಿ ಲಿಂಗ ಇಟ್ಟು, ಪೂಜೆಗೆ ಕೂತವರ ಹಾಗೆಯೇ ಮಣ್ಣಿಗಿಡುತ್ತಾರೆ. ಗೌರಮ್ಮನ ಅತ್ತೆಗೆ ವಾತವಿತ್ತು. ಕೊನೆಯ ಹತ್ತು ವರ್ಷ ಮಂಡಿ ಮಡಚಿರಲಿಲ್ಲ. ಕೂರಿಸುವಾಗ ಇಬ್ಬರು ಗಂಡಸರು ಹಿಡಿದು ಒತ್ತಬೇಕಾಯಿತು. ಆಗ ಬಂದ ಸದ್ದನ್ನು ಪಕ್ಕದಲ್ಲಿ ನಿಂತಿದ್ದ ಗೌರಮ್ಮ ಕೇಳಿದ್ದರು.

"ನನ್ ಮಂಡೀನೂ ಬಿಗೀತಾ ಬಂದವೆ ಕಣವ್ವ," ಎಂದರು. "ಸಾಯಕ್ಕೆ ನಂಗೆ ಹೆದ್ರಿಕೆ ಇಲ್ಲ. ನನ್ ಮಗನ ಕೈಲಿ ಆ ಸದ್ದು ಬರಬಾರ್ದು. ಮಂಡಿ ಮಡಚೋದು ಕಲಿಸ್ತೀಯಾ?"

ನಾನು ನೂರಾರು ಹೆಂಗಸರ ಅಳತೆ ತೆಗೆದವಳು. ಸೊಂಟ ಸಣ್ಣಗೆ ಕಾಣಬೇಕು, ಕುತ್ತಿಗೆ ಉದ್ದ ಕಾಣಬೇಕು ಎಂದು ಕೇಳಿದವರನ್ನು ಕಂಡಿದ್ದೆ. ಇಂಥ ಬೇಡಿಕೆಯೊಂದು ನನ್ನ ಮುಂದೆ ಬಂದದ್ದು ಅದೇ ಮೊದಲು. ಆಗಲಿ ಎಂದೆ.

ಅತ್ತೆ ಒಬ್ಬರೇ ಏಕೆ ಎಂದು ಶಿವಲೀಲಾ ಸೇರಿಕೊಂಡಳು. ಅವಳನ್ನು ನೋಡಿ ಬೀದಿಯ ನಾಲ್ಕೈದು ಹೆಂಗಸರು ಬಂದರು. ಸೀರೆಯನ್ನು ಕಚ್ಚೆ ಹಾಕಿ ಉಡಲು ನಾನು ಹೇಳಿದಾಗ ಅಟ್ಟವೆಲ್ಲ ನಗು. ಬಗ್ಗಲಾಗದವರು ಹಲಗೆಯನ್ನು ಬೈಯುತ್ತಿದ್ದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂದು ಗೌರಮ್ಮ ಅವರನ್ನು ಛೇಡಿಸುತ್ತಿದ್ದರು. ತಮ್ಮ ಸರದಿ ಬಂದಾಗ ತಾವೂ ಹಲಗೆಯನ್ನೇ ಬೈಯುತ್ತಿದ್ದರು. ಎರಡು ತಿಂಗಳಲ್ಲಿ ಅವರ ಬಲ ಮಂಡಿ ನೆಲಕ್ಕೆ ಒಂದು ಗೇಣಿನಷ್ಟು ಹತ್ತಿರ ಬಂತು. ಮಧ್ಯಾಹ್ನದ ಅಳು ನನಗೆ ನಿಂತುಹೋಗಿತ್ತು. ಅದು ನಿಂತಿದೆ ಎನ್ನುವುದನ್ನು ನಾನು ಗಮನಿಸಿರಲಿಲ್ಲ.

ಆಗಲೇ ನಾನು ಆ ತಪ್ಪು ಮಾಡಿದ್ದು. ಗೋಡೆಗೆ ಕಾಲು ಎತ್ತಿ ಇಟ್ಟು, ಸೊಂಟದ ಕೆಳಗೆ ದಿಂಬು ಕೊಟ್ಟು ಗೌರಮ್ಮನನ್ನು ಮಲಗಿಸಿದ್ದೆ. ಅವರ ಕೊರಳಲ್ಲಿ ಸದಾ ಒಂದು ದಾರ, ದಾರಕ್ಕೆ ಬೆಳ್ಳಿಯ ಕರಡಿಗೆ. ಕರಡಿಗೆ ಎಂದರೆ ಲಿಂಗವನ್ನು ಇಡುವ ಪುಟ್ಟ ಭರಣಿ. ಅದು ಜಾರಿ ಬಂದು ಗಲ್ಲಕ್ಕೆ ಬಡಿಯುತ್ತಿತ್ತು, ಉಸಿರಾಟಕ್ಕೆ ಅಡ್ಡವಾಗುತ್ತಿತ್ತು. ಬಟ್ಟೆ ತೊಡಿಸಿ ಟ್ರಯಲ್ ನೋಡುವಾಗ ಗಿರಾಕಿಯ ಸರವನ್ನು ತೆಗೆದು ಮೇಜಿನ ಮೇಲಿಡುವುದು ನಮ್ಮ ಕಸುಬಿನವರ ಅಭ್ಯಾಸ. ಕೈ ತಾನಾಗಿ ಹೋಯಿತು. ದಾರವನ್ನು ಅವರ ತಲೆಯ ಮೇಲಿಂದ ಎತ್ತಿ, ಕಿಟಕಿಯ ಕಟ್ಟೆಯ ಮೇಲೆ ನನ್ನ ಕತ್ತರಿಯ ಪಕ್ಕ ಇಟ್ಟುಬಿಟ್ಟೆ.

ಗೌರಮ್ಮ ಕಾಲು ಇಳಿಸಿಕೊಂಡು ಎದ್ದರು. ಎರಡೂ ಕೈಯಲ್ಲಿ ಕರಡಿಗೆಯನ್ನು ತೆಗೆದುಕೊಂಡು ಕಣ್ಣಿಗೊತ್ತಿ ಕೊರಳಿಗೆ ಹಾಕಿಕೊಂಡರು. ನನ್ನ ಕಡೆ ನೋಡದೆ ಏಣಿ ಇಳಿದು ಹೋದರು. ಒಬ್ಬೊಬ್ಬರಾಗಿ ಎಲ್ಲರೂ ಇಳಿದರು. ಕೊನೆಗೆ ಉಳಿದ ಶಿವಲೀಲಾ, "ಲಿಂಗ ಮೈ ಬಿಟ್ರೆ ಜೀವ ಬಿಟ್ಟಂಗೆ ಕಣಕ್ಕ. ಹುಟ್ಟಿದಾಗ ಕಟ್ಟಿದ್ದು, ಅತ್ತೆ ಅರವತ್ತು ವರ್ಷದಲ್ಲಿ ಒಂದಿನ ಇಳಿಸಿರ್ಲಿಲ್ಲ" ಎಂದಳು.

ಗೌರಮ್ಮ ಮೂರು ದಿನ ಊಟ ಬಿಟ್ಟರು. ಮಠದಿಂದ ಅಯ್ಯನವರು ಬಂದು ಪೂಜೆ ಮಾಡಿಸಿ ಪ್ರಸಾದ ಕೊಟ್ಟ ಮೇಲೆ ಉಂಡರು. ಯಾರೂ ನನ್ನನ್ನು ಬೈಯಲಿಲ್ಲ, ಮನೆ ಬಿಡಿ ಎನ್ನಲಿಲ್ಲ. ದಿನವೂ ಬರುತ್ತಿದ್ದ ಬೆಳಗಿನ ಮಜ್ಜಿಗೆ ಮಾತ್ರ ಬರಲಿಲ್ಲ. ಮುಂಬಯಿಯಲ್ಲಿ ಜಗಳವೆಂದರೆ ನಾಲ್ಕು ಮಹಡಿಗೆ ಕೇಳುತ್ತದೆ, ಮಾರನೆಯ ದಿನ ಮರೆತುಹೋಗುತ್ತದೆ. ಇಲ್ಲಿಯ ಮೌನಕ್ಕೆ ಹೇಗೆ ಉತ್ತರ ಕೊಡುವುದೋ ನನಗೆ ತಿಳಿಯಲಿಲ್ಲ. ಅದೇ ವಾರ ನನ್ನ ಹಳೆಯ ಕಂಪನಿಯಿಂದ ಪತ್ರ ಬಂತು. ಹಿರಿಯ ಡಿಸೈನರ್ ಬಿಟ್ಟು ಹೋಗಿದ್ದಾಳೆ, ನಿನ್ನ ಮೇಜು ಖಾಲಿ ಇದೆ, ಕೂಡಲೇ ಬರಬಹುದೇ ಎಂದು. ಅಂಥ ಪತ್ರಕ್ಕಾಗಿ ಒಂದು ವರ್ಷ ಕಾದಿದ್ದೆ. ಹೋಗುವುದಾದರೆ ಹೋಗು, ನಾನು ಆಮೇಲೆ ವರ್ಗಕ್ಕೆ ಪ್ರಯತ್ನಿಸುತ್ತೇನೆ ಎಂದರು ರಮೇಶ್. ಟ್ರಂಕು ಇಳಿಸಿ ಬಟ್ಟೆ ತುಂಬತೊಡಗಿದೆ.

ಹೇಳಿ ಹೋಗಬೇಕಲ್ಲ ಎಂದು ಗೌರಮ್ಮನ ಪಡಸಾಲೆಗೆ ಹೋದೆ. ಅವರು ಕಂಬಕ್ಕೆ ಒರಗಿ ಕಾಲು ಚಾಚಿ ಕೂತಿದ್ದರು. ಎರಡು ವಾರದಲ್ಲಿ ಮಂಡಿ ಮತ್ತೆ ಬಿಗಿದಿತ್ತೆಂದು ಕಂಡ ಕೂಡಲೇ ತಿಳಿಯಿತು. ಗೊತ್ತಿಲ್ಲದೆ ಮಾಡಿದೆ, ತಪ್ಪಾಯಿತು ಎಂದೆ. ಅವರು ಹೇಳಿದರು: "ತೆಗ್ದಿದ್ದು ನಿನ್ ತಪ್ಪು. ನೀನು ತೆಗೀವಾಗ ಸುಮ್ನೆ ಮಲಗಿದ್ನಲ್ಲ, ಅದು ನನ್ ತಪ್ಪು. ಮಂಡಿ ಆಸೇಲಿ ಮೈ ಮರ್ತೆ. ನಾ ಉಪವಾಸ ಇದ್ದಿದ್ದು ನನ್ ತಪ್ಪಿಗೆ ಕಣೇ, ನಿನ್ನದಕ್ಕಲ್ಲ."

ನನಗೆ ಅಳು ಬಂತು. ಅತ್ತು ಮುಗಿಸಿದ ಮೇಲೆ ಕಸುಬು ನೆನಪಾಯಿತು. ಕರಡಿಗೆ ಮೈ ಬಿಡಬಾರದು, ಜಾರಲೂಬಾರದು. ಹಾಗಾದರೆ ಇದು ಯೋಗದ ಸಮಸ್ಯೆಯಲ್ಲ, ಹೊಲಿಗೆಯದು. ಒಂದು ರವಿಕೆ ಹೊಲಿದುಕೊಟ್ಟು ಹೋಗುತ್ತೇನೆ ಎಂದೆ. ಒಂದು ತಿಂಗಳು ತಡವಾಗಿ ಬರುತ್ತೇನೆಂದು ಮುಂಬಯಿಗೆ ಬರೆದೆ.

ನನ್ನ ಕೈಯಿಂದ ಹೊರಬಂದ ಉಡುಪುಗಳಲ್ಲಿ ನನಗೆ ಅತ್ಯಂತ ಹೆಮ್ಮೆ ಇರುವುದು ಆ ರವಿಕೆಯ ಮೇಲೆ. ಹೊರಗಿನಿಂದ ನೋಡಿದರೆ ಯಾರಿಗೂ ಏನೂ ಕಾಣುವುದಿಲ್ಲ. ಒಳಗೆ ಎಡಗಡೆ, ಭುಜದ ಮೂಳೆಯ ಕೆಳಗೆ ಒಂದು ಜೇಬು. ಕರಡಿಗೆಯನ್ನು ನಾನು ಮುಟ್ಟುವಂತಿರಲಿಲ್ಲ. ಅಳತೆಗೆಂದು ಗೌರಮ್ಮ ಹುಡುಕಿ ಹುಡುಕಿ ಅದೇ ಗಾತ್ರದ ಒಂದು ನಿಂಬೆಹಣ್ಣು ತಂದುಕೊಟ್ಟರು. ಬಟ್ಟೆಯನ್ನು ನೇರ ಎಳೆಯಲ್ಲಿ ಕತ್ತರಿಸಿದರೆ ಜೇಬು ಬಿಗಿಯುತ್ತಿತ್ತು, ಓರೆಯಾಗಿ ಕತ್ತರಿಸಿದರೆ ಹಿಗ್ಗಿ ಬಾಯಿ ಬಿಡುತ್ತಿತ್ತು. ಕೊಕ್ಕೆ ಚುಚ್ಚುತ್ತದೆಂದು ತೆಗೆದು ಲಾಡಿ ಹಾಕಿದೆ. ಬಟ್ಟೆ ಹೊಸದಿರಬೇಕು, ಬಿಳಿಯದಿರಬೇಕು, ಮಡಿಯಲ್ಲಿ ಒಗೆದಿರಬೇಕು ಎಂಬುದು ಗೌರಮ್ಮನ ಷರತ್ತು. ನಾಲ್ಕು ರವಿಕೆ ಕೆಟ್ಟವು. ನಿಂಬೆಹಣ್ಣನ್ನು ಜೇಬಿನಲ್ಲಿಟ್ಟುಕೊಂಡು ನಾನೇ ಸರ್ವಾಂಗಾಸನ ಹಾಕಿ ಪರೀಕ್ಷಿಸುತ್ತಿದ್ದೆ, ಅದು ಉರುಳಿ ತೆಂಗಿನಕಾಯಿಗಳ ನಡುವೆ ಮಾಯವಾಗುತ್ತಿತ್ತು. ಐದನೆಯದರಲ್ಲಿ ನಿಂತಿತು.

ಇಷ್ಟಾದ ಮೇಲೆ ಗೌರಮ್ಮನಿಗೆ ಇನ್ನೊಂದು ಸಂಶಯ ಬಂತು. ಕಾಲು ಮೇಲಾಗಿ ಮಲಗಿದರೆ ಲಿಂಗ ತಲೆಕೆಳಗಾಗುತ್ತದಲ್ಲ, ಅದು ಸರಿಯೇ? ಅಯ್ಯನವರು ಮತ್ತೆ ಬಂದಾಗ ಅವರನ್ನೇ ಕೇಳಿದರು. ಅವರು ವಿಭೂತಿ ಧರಿಸುವುದನ್ನು ನಿಲ್ಲಿಸಿ, "ತಲೆಕೆಳಗಾಗೋಳು ನೀನು ಕಣಮ್ಮ. ಶಿವನಿಗೆ ಯಾವ್ದು ಮೇಲು, ಯಾವ್ದು ಕೆಳಗು?" ಎಂದರು. ಮಾರನೆಯ ಮಧ್ಯಾಹ್ನ ಅಟ್ಟ ಮತ್ತೆ ತುಂಬಿತು.

ಒಂದು ತಿಂಗಳು ಎಂದವಳು ಎಂಟು ವರ್ಷ ಹೋಗಲಿಲ್ಲ. ರಮೇಶ್ ಕೊಟ್ಟ ಮೂರು ವರ್ಷದ ಮಾತು ಮುಗಿದಾಗ ಅದನ್ನು ನಾನು ನೆನಪಿಸಲೂ ಇಲ್ಲ. ರವಿಕೆಯ ಸುದ್ದಿ ನೆಂಟರ ಮೂಲಕ ಹಬ್ಬಿತು. ಕಡೂರಿನಿಂದ, ಲಿಂಗದಹಳ್ಳಿಯಿಂದ ಹೆಂಗಸರು ನಿಂಬೆಹಣ್ಣು ಹಿಡಿದುಕೊಂಡು ಬರುತ್ತಿದ್ದರು. ರವಿಕೆಗೆ ಬಂದವರನ್ನು ಆಸನಕ್ಕೆ ಎಳೆಯುತ್ತಿದ್ದೆ. ಆಮೇಲೆ ಮಂಗಳವಾರ ತರೀಕೆರೆಯಲ್ಲಿ, ಶುಕ್ರವಾರ ಕಡೂರಿನಲ್ಲಿ ಕ್ಲಾಸು ನಡೆಸಿದೆ. ಬಸ್ಸಿನ ಕಂಡಕ್ಟರು ನನಗೆಂದು ಕಿಟಕಿಯ ಸೀಟು ಹಿಡಿದಿಡುತ್ತಿದ್ದ. ಇಷ್ಟಾದರೂ ಮುಂಬಯಿಯ ಹಂಬಲ ಹೋಗಿರಲಿಲ್ಲ. ಮಳೆಗಾಲದ ಮೊದಲ ದಿನ ಸಮುದ್ರದ ವಾಸನೆ ಬಾರದಿದ್ದರೆ ನನಗೆ ಅದು ಮಳೆಗಾಲವೇ ಅಲ್ಲ. ರೈಲು ಕೂಗಿದಾಗೆಲ್ಲ ಅದು ಯಾವ ದಿಕ್ಕಿನದು ಎಂದು ಕಿವಿಗೊಡುತ್ತಿದ್ದೆ.

ಎಂಬತ್ತೈದರಲ್ಲಿ ಕಂಪನಿಯವರು ಮತ್ತೆ ಕರೆದರು. ನಾಲ್ಕು ತಿಂಗಳು, ಒಂದು ದೊಡ್ಡ ಆರ್ಡರಿನ ಕೆಲಸ. ಈ ಸಲ ಬೇಡವೆನ್ನಲು ಮನಸ್ಸು ಬರಲಿಲ್ಲ. ಗೌರಮ್ಮನಿಗೆ ಆಗ ಎಪ್ಪತ್ತರ ಆಸುಪಾಸು. ಪೂರ್ತಿ ಪದ್ಮಾಸನ ಅವರಿಗೆ ಬರಲೇ ಇಲ್ಲ, ಆದರೆ ಒಂದು ಪಾದವನ್ನು ತೊಡೆಯ ಮೇಲಿಟ್ಟು ಅರ್ಧ ಗಂಟೆ ನೆಟ್ಟಗೆ ಕೂರುತ್ತಿದ್ದರು. ಹೊರಡುವ ಮಾತು ಹೇಳಿದೆ.

"ಹೋಗು. ನಿನ್ ಊರು, ನಾನೇನ್ ಕಟ್ಟಿ ಹಾಕ್ಲಾ?" ಎಂದರು. ಆಮೇಲೆ, "ನಾ ಕೂರೋ ದಿನ ನೀನು ಇಲ್ಲಿದ್ದು ನೋಡ್ಬೇಕು ಅಂತ ಆಸೆ ಇತ್ತು. ಇರ್ಲಿ, ನಾಕ್ ತಿಂಗ್ಳು ತಾನೆ, ತಡ್ಕೊಂಡಿರ್ತೀನಿ" ಎಂದರು. ನಾನು ನಕ್ಕು, ನಲವತ್ತು ವರ್ಷ ತಡೆದುಕೊಳ್ಳಿ ಎಂದೆ.

ಮುಂಬಯಿ ಬದಲಾಗಿತ್ತು. ಗಿರಣಿಗಳು ಹೆಚ್ಚಿನವು ಮುಚ್ಚಿದ್ದವು, ಭೋಂಗಾ ಕೂಗುತ್ತಿರಲಿಲ್ಲ. ಆದರೂ ಮೊದಲ ವಾರ ನಾನು ಹುಚ್ಚಿಯ ಹಾಗೆ ಖುಷಿಪಟ್ಟೆ. ನಿಂತುಕೊಂಡೇ ಮೀನೂಟ ಮಾಡಿದೆ, ಲೋಕಲಿನ ನೂಕುನುಗ್ಗಲಿನಲ್ಲಿ ನಗುತ್ತಾ ನಿಂತೆ. ಎರಡನೆಯ ತಿಂಗಳಲ್ಲಿ ಮಧ್ಯಾಹ್ನ ಎರಡು ಗಂಟೆಯಾದರೆ ಹದಿನಾಲ್ಕು ಮೆಷಿನ್ನುಗಳ ಸದ್ದಿನ ನಡುವೆ ಕೊಬ್ಬರಿಯ ವಾಸನೆಯನ್ನು ಮೂಗು ಹುಡುಕತೊಡಗಿತು. ಮೂರನೆಯ ತಿಂಗಳಲ್ಲಿ ಶಿವಲೀಲಾಳ ಇನ್‌ಲ್ಯಾಂಡ್ ಪತ್ರ ಬಂತು.

ಅತ್ತೆ ಸೋಮವಾರ ಬೆಳಗ್ಗೆ ಪೂಜೆ ಮುಗಿಸಿ ಎದೆ ನೋವೆಂದರು, ಮಧ್ಯಾಹ್ನದೊಳಗೆ ಹೋದರು ಎಂದು ಬರೆದಿದ್ದಳು. ಆಮೇಲೆ ಹೀಗಿತ್ತು: "ಕೂರಿಸುವಾಗ ಯಾರೂ ಒತ್ತಬೇಕಾಗಲಿಲ್ಲ ಅಕ್ಕ. ಇವರು ಮೆಲ್ಲಗೆ ಹಿಡಿದರು, ಕಾಲು ತಾವಾಗಿಯೇ ಮಡಚಿಕೊಂಡವು. ಒಂದು ಸದ್ದೂ ಬರಲಿಲ್ಲ. ನಿಮಗೆ ಹೇಳಬೇಕಲ್ಲ ಎಂದು ನಾನು ಹತ್ತಿರ ಹೋಗಿ ಕಿವಿಗೊಟ್ಟು ಕೇಳಿದೆ."

ಕತ್ತರಿ ಕೆಳಗಿಟ್ಟು ಮೇಜಿನ ಬುಡದಲ್ಲಿ ಕೂತುಬಿಟ್ಟೆ. ಪಕ್ಕದ ಮೇಜಿನವಳು ಮರಾಠಿಯಲ್ಲಿ, ಗಾವಿನಲ್ಲಿ ಯಾರಾದರೂ ಹೋದರೇ ಎಂದು ಕೇಳಿದಳು. ಗಾವ್ ಎಂದರೆ ಸ್ವಂತ ಊರು. ಮುಂಬಯಿಯಲ್ಲಿ ಎಲ್ಲರಿಗೂ ಒಂದು ಇರುತ್ತದೆ. ಇಲ್ಲೇ ಹುಟ್ಟಿದ ನಾನು ಯಾವಾಗಲೂ ಅಪ್ಪನ ಊರು ಹೇಳಿ ಪಾರಾಗುತ್ತಿದ್ದೆ. ಆ ದಿನ ಹೌದು ಎಂದೆ, ಯಾವ ಗಾವ್ ಎಂದದ್ದಕ್ಕೆ ಅಜ್ಜಂಪುರ ಎಂದೆ. ಸಂಬಂಧದಲ್ಲಿ ಏನಾಗಬೇಕು ಎಂದಳು. ಪತ್ರ ಮಡಚಿಟ್ಟು ಕತ್ತರಿ ಎತ್ತಿಕೊಂಡೆ.

ಆರ್ಡರ್ ಮುಗಿಸಿ ಮರಳಿದ ಮರುದಿನ ಶಿವಲೀಲಾ ತೋಟಕ್ಕೆ ಕರೆದುಕೊಂಡು ಹೋದಳು. ತೆಂಗಿನ ಸಾಲಿನ ಕೊನೆಗೆ ಗೌರಮ್ಮನ ಗಂಡನ ಗದ್ದುಗೆ, ಅಂದರೆ ಸಮಾಧಿಯ ಕಟ್ಟೆ. ಅದರ ಪಕ್ಕ ಹೊಸ ಮಣ್ಣು, ಮಣ್ಣಿನ ಮೇಲೆ ಒಣಗಿದ ಬಿಲ್ವಪತ್ರೆ. ಆ ಮಣ್ಣಿನಡಿಯಲ್ಲಿ ಅವರು ನೆಟ್ಟಗೆ ಕೂತಿದ್ದಾರೆ ಎಂದು ನೆನೆದಾಗ ದುಃಖದ ನಡುವೆಯೂ ಒಂದು ಜಂಬ ಬಂತು. ಇದ್ದು ನೋಡಲಿಲ್ಲವಲ್ಲ ಎಂಬ ಸಂಕಟ ಅದರ ಬೆನ್ನಿಗೇ ಬಂತು. ಅದು ಇವತ್ತಿಗೂ ಹೋಗಿಲ್ಲ.

ಶಿವಲೀಲಾ ಸ್ವಲ್ಪ ಹೊತ್ತು ನನ್ನನ್ನು ಅಳಲು ಬಿಟ್ಟಳು. ಆಮೇಲೆ ಕೇಳಿದಳು: "ನಿಮ್ ಕಡೆ ಸುಡ್ತಾರಂತಲ್ಲಕ್ಕ. ನಿಮ್ಮನ್ನ ಎಲ್ಲಿ, ಇಲ್ಲೋ ಬೊಂಬಾಯಲ್ಲೋ?"

ಮುಂಬಯಿ ಎನ್ನಲು ಬಾಯಿ ತೆರೆದೆ, ಬರಲಿಲ್ಲ. ಇಲ್ಲಿ ಎನ್ನಲೂ ಬರಲಿಲ್ಲ. ಅವಳು ಬಿಲ್ವಪತ್ರೆ ಆರಿಸುತ್ತಾ, "ಈ ಪಕ್ಕದಲ್ಲಿ ಜಾಗ ಐತೆ. ಸುಮ್ನೆ ಹೇಳ್ದೆ" ಎಂದಳು.

ನಾನು ಲಿಂಗ ಕಟ್ಟಿಕೊಂಡವಳಲ್ಲ. ಅದು ಆಗದ ಮಾತೆಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಆದರೂ ನಾನು ಆ ಕಡೆ ತಿರುಗಿ, ಅಳತೆ ತೆಗೆಯುವ ಕಣ್ಣಿನಿಂದಲೇ ನೋಡಿದೆ. ಒಬ್ಬರು ಕೂರುವಷ್ಟಿತ್ತು.